ಲಿಂಕ್ ಬಟನ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಫೋನ್ ಮಾಡಿ, "ನಾನಿನ್ನೂ ಮೆಸೇಜೇ ಓದಿಲ್ಲ ಮಾರಾಯ್ರೆ, ರೇಟಿಗೆ ಒಪ್ಪಿದೀನಿ ಅಂತ ಮಂಡಿಯವ್ರ ಹತ್ರ ಹೆಂಗೆ ಬಂತು?" ಅಂತ ಕೇಳಿದ್ರು. ಆ ಪ್ರಶ್ನೆಗೆ ಉತ್ತರ ಸಿಗೋಕೆ ನಂಗೆ ಒಂದು ಇಡೀ ರಾತ್ರಿ ಬೇಕಾಯ್ತು. ಉತ್ತರ ಎಂತ ಅಂತ ಕೆಳಗೆ ಹೇಳ್ತೀನಿ, ಆದ್ರೆ ಮೂಲ ಮಾತ್ರ ಚಿಕ್ಕದು: ಲಿಂಕ್ ಥರ ಕಾಣೋ ಒಂದು ಬಟನ್.

ಶಿವಮೊಗ್ಗದಲ್ಲಿ ಮಂಡಿಗಳಿಗೆ, ಸೊಸೈಟಿಗಳಿಗೆ ವೆಬ್ ಸಾಫ್ಟ್‌ವೇರ್ ಮಾಡ್ಕೊಡೋದು ನನ್ನ ಕೆಲಸ. ಬರೋ ಕಂಪ್ಲೇಂಟ್‌ಗಳಲ್ಲಿ ಈ ಲಿಂಕ್ ಬಟನ್‌ದು ಯಾವಾಗ್ಲೂ ಇರುತ್ತೆ. ಸೈಟ್ ಕಟ್ಟೋಕೆ ಬಳಸೋ ಚೌಕಟ್ಟಿನ ಮೇಲೆ ಹೆಸರು ಬೇರೆ ಬೇರೆ ಇರಬಹುದು, ಹಳೇ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್‌ನಲ್ಲಿ ಲಿಂಕ್‌ಬಟನ್ ಅಂತಾನೇ ಒಂದು ಕಂಟ್ರೋಲ್ ಇದೆ, ರೇಲ್ಸ್‌ನಲ್ಲಿ ಮೆಥಡ್ ಹಾಕಿದ ಲಿಂಕ್, ಉಳಿದ ಕಡೆ ಆಂಕರ್ ಟ್ಯಾಗಿಗೆ (ಪೇಜಲ್ಲಿ ಲಿಂಕ್ ಮಾಡೋ ಗುರುತು) ಜಾವಾಸ್ಕ್ರಿಪ್ಟ್ ಕಟ್ಟಿರೋದು. ನೋಡೋಕೆ ನೀಲಿ ಅಕ್ಷರ, ಕೆಳಗೊಂದು ಗೆರೆ, ಒತ್ತಿದ್ರೆ ಮಾತ್ರ ಸರ್ವರ್‌ನಲ್ಲಿ ಎಂತದೋ ಬದಲಾಗುತ್ತೆ: ಬಿಲ್ ರದ್ದಾಗುತ್ತೆ, ಲಾಟ್ ಪಾಸ್ ಆಗುತ್ತೆ, ಲಾಗೌಟ್ ಆಗುತ್ತೆ.

ಶುರು ಮಾಡೋಕೆ ಮುಂಚೆ ಒಂದು ಮಾತು. ದೋಷ ಹುಡುಕ್ತಾ ಇರೋರು ಲೈವ್ ಡೇಟಾ ಮೇಲೆ "ಒಂದ್ಸಲ ಒತ್ತಿ ನೋಡೋಣ" ಅನ್ಬೇಡಿ. ಕೆಲಸ ಮಾಡ್ತಿಲ್ಲ ಅಂದ್ಕಂಡ ಡಿಲೀಟ್ ಲಿಂಕು ನಿಮ್ಮ ಕಂಪ್ಯೂಟರಲ್ಲಿ ಸರಿಯಾಗೇ ಕೆಲಸ ಮಾಡಿ ಯಾರದೋ ಬಿಲ್ ಹೋಗಿರೋದನ್ನ ಕಣ್ಣಾರೆ ನೋಡಿದೀನಿ. ಟೆಸ್ಟ್ ಕಾಪಿ ಇಲ್ಲ ಅಂದ್ರೆ ಬ್ಯಾಕಪ್ ಆದ್ರೂ ತಗಂಡು ಕೂತ್ಕಳಿ.

ಲಕ್ಷಣ ಯಾವುದೇ ಇರ್ಲಿ, ಮೊದಲು ನೆಟ್‌ವರ್ಕ್ ಟ್ಯಾಬ್

ಇದಕ್ಕೆ ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆಗೀರಿ, ಅಲ್ಲಿ 'ಪ್ರಿಸರ್ವ್ ಲಾಗ್' ಅನ್ನೋದಕ್ಕೆ ಟಿಕ್ ಹಾಕ್ಲೇಬೇಕು, ಹಾಕ್ಲಿಲ್ಲ ಅಂದ್ರೆ ಪೇಜ್ ಬದಲಾದ ಕೂಡ್ಲೇ ಹಳೇ ಸಾಲೆಲ್ಲ ಅಳಿಸಿ ಹೋಗುತ್ತೆ, ನಿಮಗೆ ಬೇಕಾದ ಸಾಲೇ ಅದ್ರಲ್ಲಿ ಹೋಗಿರುತ್ತೆ. ಈಗ ಟೆಸ್ಟ್ ಕಾಪಿಯಲ್ಲಿ ಲಿಂಕ್ ಒತ್ತಿ.

ನೋಡ್ಬೇಕಾದ್ದು ಮೂರೇ. ಸರ್ವರಿಗೆ ರಿಕ್ವೆಸ್ಟ್ ಹೋಯ್ತಾ ಇಲ್ವಾ? ಹೋಗಿದ್ರೆ ಗೆಟ್ಟಾ (ಪೇಜ್ ಕೊಡು ಅಂತ ಕೇಳೋದು) ಪೋಸ್ಟಾ (ಫಾರ್ಮಿನ ಮಾಹಿತಿ ಕಳಿಸಿ ಕೆಲಸ ಮಾಡಿಸೋದು)? ವಾಪಸ್ ಬಂದ ನಂಬರ್ ಎಷ್ಟು? ರಿಕ್ವೆಸ್ಟೇ ಹೋಗಿಲ್ಲ ಅಂದ್ರೆ ದೋಷ ಬ್ರೌಸರ್‌ನಲ್ಲಿದೆ, ಸರ್ವರ್ ಕೋಡ್ ತೆಗೆದು ಕೂತ್ಕಳೋದು ವ್ಯರ್ಥ. ಹೋಗಿದೆ ಆದ್ರೆ ಕೆಲಸ ಆಗಿಲ್ಲ ಅಂದ್ರೆ ಸರ್ವರ್ ಕಡೆ ನಡೀರಿ. ಹೋಗಿದ್ದು ಗೆಟ್, ಮತ್ತೆ ಅದ್ರಿಂದ ಡೇಟಾ ಬದಲಾಗಿದೆ ಅಂದ್ರೆ, ಇವತ್ತಿನ ಕಂಪ್ಲೇಂಟ್ ಎಂತದೇ ಇರ್ಲಿ, ಅದಕ್ಕಿಂತ ದೊಡ್ಡ ದೋಷ ಒಂದು ಸಿಕ್ತು ಅಂತ ತಿಳ್ಕಳಿ.

ಎಂತಕ್ಕೆ ಅಂದ್ರೆ ಬ್ರೌಸರ್, ಸರ್ವರ್ ಮಾತಾಡೋ ಎಚ್‌ಟಿಟಿಪಿ ನಿಯಮದಲ್ಲೇ ಗೆಟ್ ಅನ್ನೋದು ಬರೀ ನೋಡೋಕೆ. ಆ ನಿಯಮ ಬರೆದಿಟ್ಟ ದಾಖಲೆಗಳಲ್ಲಿ, 1999ರ ಆರ್‌ಎಫ್‌ಸಿ 2616ರಲ್ಲೂ ಹಂಗೇ ಇತ್ತು, 2022ರ ಆರ್‌ಎಫ್‌ಸಿ 9110ರಲ್ಲೂ ಹಂಗೇ ಇದೆ. ಆ ಮಾತನ್ನ ನಂಬಿಕೊಂಡೇ ಬ್ರೌಸರ್‌ಗಳು, ಸರ್ಚ್ ಇಂಜಿನ್‌ಗಳು, ಮೇಲ್ ಸ್ಕ್ಯಾನರ್‌ಗಳು ಎಲ್ಲ ಯಾರನ್ನೂ ಕೇಳದೆ ಗೆಟ್ ಕಳಿಸ್ತಾವೆ.

"ಒತ್ತಿದ್ರೆ ಏನೂ ಆಗ್ತಿಲ್ಲ"

ರಿಕ್ವೆಸ್ಟ್ ಹೋಗ್ಲಿಲ್ಲ ಅಂತ ಖಾತ್ರಿ ಆದ್ಮೇಲೆ ಈ ದಾರಿ ಹಿಡೀರಿ. ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ ಪೇಜ್ ಹೊಸದಾಗಿ ತರಿಸಿ, ಆಮೇಲೆ ಇನ್‌ಕಾಗ್ನಿಟೋ ವಿಂಡೋದಲ್ಲಿ ನೋಡಿ. ಅಲ್ಲಿ ಸರಿ ಇದೆ ಅಂದ್ರೆ ಹಳೇ ಜಾವಾಸ್ಕ್ರಿಪ್ಟ್ ಫೈಲ್ ಕ್ಯಾಶ್‌ನಲ್ಲಿ ಕೂತಿದೆ, ಇಲ್ಲಾ ಯಾವುದೋ ಎಕ್ಸ್‌ಟೆನ್ಷನ್ ಅಡ್ಡ ಬಂದಿದೆ.

ಅದಾದ್ಮೇಲೆ ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಕೊಡಿ. ಆಂಕರ್ ಟ್ಯಾಗ್ ಸೆಲೆಕ್ಟ್ ಆಗೋ ಬದ್ಲು ಬೇರೆ ಯಾವುದೋ ಡಿವ್ ಸೆಲೆಕ್ಟ್ ಆಯ್ತು ಅಂದ್ರೆ ಲಿಂಕಿನ ಮೇಲೆ ಕಾಣದ ಪರದೆ ಒಂದು ಹಾಸಿದೆ, ನೀವು ಒತ್ತಿರೋದು ಆ ಪರದೇನ. ಹೆಚ್ಚಿನ ಸಲ ಅದು 'ಲೋಡಿಂಗ್' ತೋರಿಸೋ ಪದರ, ಕೆಲಸ ಮುಗಿದ ಮೇಲೆ ಬಣ್ಣ ಮಾತ್ರ ಹೋಗಿ ಪದರ ಅಲ್ಲೇ ಉಳಿದಿರುತ್ತೆ.

ಮೂರನೇದು ಎಫ್12ರಲ್ಲೇ ಇರೋ ಕನ್ಸೋಲ್ ಟ್ಯಾಬ್. ಅಲ್ಲಿ ಕೆಂಪು ಅಕ್ಷರದಲ್ಲಿ ಬಂದಿರೋದನ್ನ ನಿಧಾನ ಓದಿ. 'ಡು-ಪೋಸ್ಟ್‌ಬ್ಯಾಕ್ ಈಸ್ ನಾಟ್ ಡಿಫೈನ್ಡ್' ಅಂತ ಇದ್ರೆ ವೆಬ್ ಫಾರ್ಮ್ಸ್ ಲಿಂಕ್‌ಬಟನ್ ಕರೀಬೇಕಾದ ಫಂಕ್ಷನ್ನೇ ಪೇಜಲ್ಲಿಲ್ಲ. ಇದು ಅರ್ಥ ಆಗ್ಬೇಕು ಅಂದ್ರೆ ಆ ಕಂಟ್ರೋಲ್ ಒಳಗೆ ಎಂತ ನಡೆಯುತ್ತೆ ಅಂತ ಗೊತ್ತಿರ್ಬೇಕು. ಮಾಮೂಲಿ ಬಟನ್ ಫಾರ್ಮನ್ನ ತಾನೇ ಸಬ್ಮಿಟ್ ಮಾಡುತ್ತೆ, ಲಿಂಕ್‌ಬಟನ್‌ಗೆ ಆ ಶಕ್ತಿ ಇಲ್ಲ, ಅದು ಬ್ರೌಸರ್‌ಗೆ ಬರೋದು ಒಂದು ಆಂಕರ್ ಟ್ಯಾಗ್ ಆಗಿ, ಅದರ ವಿಳಾಸದ ಜಾಗದಲ್ಲಿ ಜಾವಾಸ್ಕ್ರಿಪ್ಟ್ ಇರುತ್ತೆ, ಆ ಸ್ಕ್ರಿಪ್ಟ್ 'ಈವೆಂಟ್ ಟಾರ್ಗೆಟ್' ಅನ್ನೋ ಅಡಗಿದ ಫೀಲ್ಡಿನಲ್ಲಿ ತನ್ನ ಹೆಸರು ಬರೆದು ಆಮೇಲೆ ಫಾರ್ಮನ್ನ ಕಳಿಸುತ್ತೆ. ಅಂದ್ರೆ ಜಾವಾಸ್ಕ್ರಿಪ್ಟ್ ಎಲ್ಲಿ ನಿಂತ್ರೂ ಲಿಂಕ್‌ಬಟನ್ ಅಲ್ಲೇ ನಿಲ್ಲುತ್ತೆ.

'ಸಬ್ಮಿಟ್ ಈಸ್ ನಾಟ್ ಎ ಫಂಕ್ಷನ್' ಅಂತ ಬಂದ್ರೆ ಫಾರ್ಮ್ ಒಳಗೆ ಯಾರೋ ಒಂದು ಬಟನ್‌ಗೋ ಇನ್‌ಪುಟ್‌ಗೋ 'ಸಬ್ಮಿಟ್' ಅಂತಾನೇ ಹೆಸರಿಟ್ಟಿದಾರೆ, ಆ ಹೆಸರು ಫಾರ್ಮಿನ ಸ್ವಂತ ಸಬ್ಮಿಟ್ ಫಂಕ್ಷನ್ನನ್ನ ಮುಚ್ಚಿ ಹಾಕಿದೆ. ಹೆಸರು ಬದಲಾಯಿಸಿದ್ರೆ ಆಯ್ತು. 'ಕಂಟೆಂಟ್ ಸೆಕ್ಯೂರಿಟಿ ಪಾಲಿಸಿ' ಅನ್ನೋ ಮಾತು ಕಂಡ್ರೆ, ಸರ್ವರ್‌ನವ್ರು ಹೊಸದಾಗಿ ಭದ್ರತೆ ನಿಯಮ ಹಾಕಿದಾರೆ, ಅದು ಲಿಂಕ್ ಒಳಗೆ ಬರೆದ ಜಾವಾಸ್ಕ್ರಿಪ್ಟನ್ನ ಓಡೋಕೆ ಬಿಡ್ತಿಲ್ಲ. ಪಾಲಿಸಿ ತೆಗೆದು ಹಾಕೋದು ಸುಲಭ, ಆದ್ರೆ ಹಂಗೆ ಮಾಡ್ಬೇಡಿ, ಆ ಲಿಂಕನ್ನೇ ನಿಜವಾದ ಬಟನ್ ಮಾಡಿ.

ಕನ್ಸೋಲ್ ಖಾಲಿ ಇದೆ, ಆದ್ರೂ ರಿಕ್ವೆಸ್ಟ್ ಹೋಗ್ತಿಲ್ಲ ಅಂದ್ರೆ ವ್ಯಾಲಿಡೇಷನ್ (ಫಾರ್ಮ್ ಸರಿಯಾಗಿ ತುಂಬಿದೆಯಾ ಅನ್ನೋ ಪರೀಕ್ಷೆ) ಮೇಲೆ ಸಂಶಯ ಪಡಿ. ಲಿಂಕ್‌ಬಟನ್‌ನ 'ಕಾಸಸ್ ವ್ಯಾಲಿಡೇಷನ್' ಹುಟ್ಟಿನಿಂದಲೇ ಆನ್ ಇರುತ್ತೆ. ಒಂದು ಪೇಜಲ್ಲಿ ಮೂರು ಟ್ಯಾಬ್ ಇದ್ದು, ಮೂರನೇ ಟ್ಯಾಬಲ್ಲಿ ಕಡ್ಡಾಯ ಮಾಡಿರೋ 'ವಾಹನ ಸಂಖ್ಯೆ' ಖಾಲಿ ಇದ್ರೆ, ಮೊದಲನೇ ಟ್ಯಾಬಿನ 'ರದ್ದು' ಲಿಂಕು ಕೂಡ ಸುಮ್ನೆ ಕೂರುತ್ತೆ, ಎರರ್ ಮೆಸೇಜ್ ಬಂದಿರುತ್ತೆ ಆದ್ರೆ ಯಾರಿಗೂ ಕಾಣದ ಮೂರನೇ ಟ್ಯಾಬಲ್ಲಿ. ರದ್ದು, ಹಿಂದೆ ಹೋಗು ಥರದ ಲಿಂಕಿಗೆ ಅದನ್ನ ಆಫ್ ಮಾಡಿ, ಉಳಿದವಕ್ಕೆ ವ್ಯಾಲಿಡೇಷನ್ ಗ್ರೂಪ್ ಕೊಡಿ.

ಇನ್ನೊಂದು, ಇದನ್ನ ನಾನು ಒಂದು ಮಂಡಿಯ ಕೌಂಟರಲ್ಲಿ ನಿಂತು ನೋಡಿ ಕಲ್ತಿದ್ದು. ಗುಮಾಸ್ತರು "ಬೆಳಿಗ್ಗೆ ಹೋಗ್ತಿತ್ತು ಸಾರ್, ಈಗ ಹೋಗ್ತಿಲ್ಲ" ಅಂತಿದ್ರು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ತರಾವರಿ ಲಾಟ್‌ಗಳ ಪಟ್ಟಿ, ಪ್ರತಿ ಸಾಲಿಗೂ 'ತೆಗೆ' ಅಂತ ಲಿಂಕು, ಪ್ರತಿ ಸಲ "ಖಾತ್ರಿನಾ?" ಅಂತ ಡಬ್ಬಿ. ಹತ್ತು ಹನ್ನೆರಡು ಸಲ ಡಬ್ಬಿ ಬಂದು ಬೇಜಾರಾಗಿ, ಇನ್ನು ಡೈಲಾಗ್ ತೋರಿಸ್ಬೇಡ ಅಂತ ಬ್ರೌಸರ್ ಕೊಡೋ ಟಿಕ್ ಹಾಕಿದಾರೆ. ಟಿಕ್ ಹಾಕಿದ್ರೆ ಡಬ್ಬಿ ಬರಲ್ಲ ನಿಜ, ಆದ್ರೆ ಕನ್ಫರ್ಮ್ ಫಂಕ್ಷನ್ ಪ್ರತಿ ಸಲ 'ಬೇಡ' ಅಂತಾನೇ ಉತ್ತರ ಕೊಡುತ್ತೆ, ಲಿಂಕ್ ಸತ್ತ ಹಂಗೆ ಕಾಣುತ್ತೆ. ಪೇಜ್ ರೀಲೋಡ್ ಮಾಡಿದ್ರೆ ಸರಿ ಹೋಯ್ತು. ಸರಿ ಹೋಯ್ತು ಅಂತ ಬಿಡೋದಲ್ಲ, ಹತ್ತತ್ತು ಸಲ ಖಾತ್ರಿ ಕೇಳೋ ಪೇಜೇ ತಪ್ಪು, ಟಿಕ್ ಮಾಡಿ ಒಟ್ಟಿಗೆ ತೆಗೆಯೋ ಹಂಗೆ ಅದನ್ನ ಆಮೇಲೆ ಬದಲಾಯಿಸಿದೆ.

"ಪೇಜ್ ಒಂದ್ಸಲ ಮಿಂಚಿ ಬರುತ್ತೆ, ಕೆಲಸ ಮಾತ್ರ ಆಗಿರಲ್ಲ"

ಮೊದಲು ವಿಳಾಸದ ಕೊನೆ ನೋಡಿ. ಅಲ್ಲಿ ಹ್ಯಾಶ್ ಗುರುತು ಬಂದಿದ್ದು, ಪೇಜು ಮೇಲಕ್ಕೆ ಜಿಗಿದ್ರೆ, ಅದು ಸರ್ವರಿಗೆ ಹೋಗೇ ಇಲ್ಲ. ಲಿಂಕಿನ ವಿಳಾಸದಲ್ಲಿ ಬರೀ ಹ್ಯಾಶ್ ಇಟ್ಟು, ಕ್ಲಿಕ್ ಕೋಡಲ್ಲಿ 'ಪ್ರಿವೆಂಟ್ ಡಿಫಾಲ್ಟ್' ಮರೆತಿದಾರೆ ಅಷ್ಟೇ.

ನಿಜವಾಗ್ಲೂ ಪೋಸ್ಟ್ ಹೋಗಿದೆ ಅಂದ್ರೆ ಸಾಲುಗಳನ್ನ ಒಂದರ ಕೆಳಗೊಂದು ಓದಿ. ಪೋಸ್ಟ್, 301, ಆಮೇಲೆ ಗೆಟ್ ಅಂತ ಇದ್ಯಾ? ಹಂಗಾದ್ರೆ ಸಿಕ್ತು. ಫಾರ್ಮಿನಲ್ಲಿ ಎಚ್‌ಟಿಟಿಪಿ ವಿಳಾಸ ಇದೆ, ಸರ್ವರ್ ಎಚ್‌ಟಿಟಿಪಿಎಸ್‌ಗೆ ತಿರುಗಿಸ್ತಿದೆ, 301 ಮತ್ತು 302ರಲ್ಲಿ ಬ್ರೌಸರ್‌ಗಳು ಪೋಸ್ಟನ್ನ ಗೆಟ್ ಮಾಡಿ ಕಳಿಸ್ತಾವೆ, ದಾರೀಲಿ ಫಾರ್ಮಿನ ಮಾಹಿತಿ ಎಲ್ಲ ಬಿದ್ದು ಹೋಗುತ್ತೆ. ವಿಳಾಸದ ಕೊನೆಗೆ ಒಂದು ಓರೆಗೆರೆ ಇಲ್ದೇ ಇದ್ರೂ ಕೆಲವು ಕಡೆ ಹಿಂಗೇ ಆಗುತ್ತೆ. ವಿಳಾಸವನ್ನ ಮೂಲದಲ್ಲೇ ಸರಿ ಮಾಡಿ.

ಪೋಸ್ಟ್ ಹೋಗಿ 200, ಅಂದ್ರೆ 'ಸರಿ' ಅಂತ ಬಂದಿದೆ, ಆದ್ರೂ ಕೋಡ್ ಓಡಿಲ್ಲ. ವೆಬ್ ಫಾರ್ಮ್ಸ್ ಇಟ್ಕಂಡಿರೋರಿಗೆ ಇದು ನಿಜವಾಗ್ಲೂ ಕಾಡೋ ಲಕ್ಷಣ. ರಿಕ್ವೆಸ್ಟಿನ ಪೇಲೋಡ್ (ಜೊತೆಗೆ ಹೋದ ಮಾಹಿತಿ) ತೆಗೆದು ಈವೆಂಟ್ ಟಾರ್ಗೆಟ್ ಫೀಲ್ಡ್ ನೋಡಿ. ಅದು ಖಾಲಿ ಇದ್ರೆ ಫಾರ್ಮನ್ನ ಬೇರೆ ಯಾರೋ ಸಬ್ಮಿಟ್ ಮಾಡಿದಾರೆ, ಲಿಂಕ್ ಅಲ್ಲ. ನಿಮ್ಮ ಲಿಂಕಿನ ಹೆಸರು ಅದ್ರಲ್ಲಿ ಇದ್ದೂ ಕ್ಲಿಕ್ ಕೋಡ್ ಓಡಿಲ್ಲ ಅಂದ್ರೆ ಎರಡೇ ಕಾರಣ ಮುಖ್ಯ. ಒಂದು, ಕ್ಲಿಕ್‌ಗೆ ಫಂಕ್ಷನ್ ಕಟ್ಟಿಲ್ಲ, ಡಿಸೈನರಲ್ಲಿ ಕಂಟ್ರೋಲನ್ನ ಕಟ್ ಮಾಡಿ ಪೇಸ್ಟ್ ಮಾಡಿದಾಗ ಆ ಗಂಟು ಬಿಚ್ಚಿ ಹೋಗಿರುತ್ತೆ. ಎರಡನೇದು, ಸರ್ವರ್ ಆ ಹೆಸರಿನ ಕಂಟ್ರೋಲ್ ಹುಡುಕ್ತಾ ಹೋದಾಗ ಅಂತದೊಂದು ಅಲ್ಲಿ ಇರ್ಲೇ ಇಲ್ಲ. ಕೋಡಿನಿಂದ ಹುಟ್ಟಿಸಿದ ಕಂಟ್ರೋಲುಗಳು ಪ್ರತಿ ರಿಕ್ವೆಸ್ಟಿಗೂ ಮತ್ತೆ ಹುಟ್ಬೇಕು, ಅದೇ ಐಡಿಯಲ್ಲಿ, ಪೇಜಿನ ಇನಿಟ್ ಹಂತದಲ್ಲಿ, ಅಂದ್ರೆ ಪೇಜ್ ತಯಾರಾಗೋ ಶುರುವಲ್ಲೇ. 'ಹುಡುಕು' ಬಟನ್ ಒತ್ತಿದಾಗ ಮಾತ್ರ ಹುಟ್ಟೋ ಲಿಂಕು ಮುಂದಿನ ಕ್ಲಿಕ್ಕಿಗೆ ಸರ್ವರ್‌ನಲ್ಲಿ ಇರಲ್ಲ. ಎರರೂ ಬರಲ್ಲ, ಸದ್ದಿಲ್ಲದೆ ಪೇಜು ವಾಪಸ್ ಬರುತ್ತೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಲಕ್ಷಣ ಇದೆ, ಅದು ಅಪಾಯದ್ದು: ಒತ್ತಿದ್ದು ಒಂದು ಸಾಲು, ರದ್ದಾಗಿದ್ದು ಪಕ್ಕದ ಸಾಲು. ಪೇಜ್ ಲೋಡಲ್ಲಿ ಪೋಸ್ಟ್‌ಬ್ಯಾಕ್ (ಅದೇ ಪೇಜಿನ ಫಾರ್ಮ್ ವಾಪಸ್ ಬಂದಿರೋದು) ಹೌದೋ ಅಲ್ವೋ ನೋಡದೆ ಪ್ರತಿ ಸಲ ಪಟ್ಟಿಯನ್ನ ಡೇಟಾಬೇಸಿಂದ ಹೊಸದಾಗಿ ತುಂಬಿಸಿದ್ರೆ ಹಿಂಗಾಗುತ್ತೆ. ನೀವು ನೋಡಿ ಒತ್ತಿದ್ದು ಮೂರನೇ ಸಾಲು. ಅಷ್ಟರಲ್ಲಿ ಪಕ್ಕದ ಕೌಂಟರಲ್ಲಿ ಹೊಸ ಲಾಟ್ ಬಂದು ಪಟ್ಟಿಯ ಮೇಲ್ತುದೀಲಿ ಕೂತಿದೆ, ನಿಮ್ಮದು ನಾಲ್ಕನೇ ಸಾಲಿಗೆ ಇಳಿದಿದೆ. ಸರ್ವರ್ ಮೂರನೇ ಸಾಲಿನ ಲಿಂಕನ್ನೇ ಓಡಿಸುತ್ತೆ, ಆದ್ರೆ ಅಲ್ಲೀಗ ಇರೋದು ಬೇರೆಯವರ ಲಾಟ್. ಕೌಂಟರ್ ಒಂದೇ ಇದ್ದಾಗ ಯಾವತ್ತೂ ಕಾಣಲ್ಲ, ಕೊಯ್ಲು ಮುಗಿದು ಮಾಲು ಒಟ್ಟಿಗೆ ಬರೋ ದಿನಗಳಲ್ಲೇ ಕಾಣುತ್ತೆ. ಈ ಲಕ್ಷಣ ಒಂದೇ ಒಂದು ಸಲ ಕೇಳಿದ್ರೂ ಆ ಲಿಂಕನ್ನ ಆವತ್ತೇ ಮುಚ್ಚಿ, ಆಮೇಲೆ ಸರಿ ಮಾಡಿ. ಪಟ್ಟಿ ತುಂಬಿಸೋದನ್ನ ಮೊದಲ ಸಲಕ್ಕೆ ಮಾತ್ರ ಇಡಿ, ಕೆಲಸವನ್ನ ಸಾಲಿನ ನಂಬರಿಂದ ಮಾಡ್ಬೇಡಿ, ಲಾಟಿನ ಸ್ವಂತ ಐಡಿಯಿಂದ ಮಾಡಿ.

405, 419, 403, ನಂಬರ್ ಬಂದು ನಿಲ್ಲುತ್ತೆ

ನಂಬರ್ ಬಂದ್ರೆ ಖುಷಿ ಪಡಿ, ಸರ್ವರ್ ಕಾರಣ ಹೇಳ್ತಿದೆ.

405 ಅಂದ್ರೆ "ಈ ವಿಳಾಸಕ್ಕೆ ಈ ರೀತಿ ಬರ್ಬೇಡ". ಅಪ್‌ಗ್ರೇಡ್ ಮಾಡಿದ ಮಾರನೇ ದಿನ ಇದು ಜಾಸ್ತಿ. ಜಾಂಗೋ, ಲಾರವೆಲ್ ಕೂಡ ರೇಲ್ಸ್ ಥರ ಸೈಟ್ ಕಟ್ಟೋ ಚೌಕಟ್ಟುಗಳೇ. ಜಾಂಗೋದಲ್ಲಿ ಲಿಂಕ್ ಒತ್ತಿ ಲಾಗೌಟ್ ಆಗೋದನ್ನ 2022ರ 4.1ರಲ್ಲಿ ಬೇಡ ಅಂತ ಎಚ್ಚರಿಕೆ ಕೊಟ್ರು, 2023ರ ಕೊನೆಗೆ ಬಂದ 5.0ರಲ್ಲಿ ತೆಗೆದೇ ಬಿಟ್ರು, ಹಳೇ ಟೆಂಪ್ಲೇಟಲ್ಲಿ ಲಾಗೌಟ್ ಲಿಂಕ್ ಉಳಿದಿದ್ರೆ ಈಗ 405. ಲಾರವೆಲ್‌ನಲ್ಲಿ ಗೆಟ್ ಮೆಥಡ್ ಸಪೋರ್ಟ್ ಇಲ್ಲ, ಪೋಸ್ಟ್ ಮಾತ್ರ ಅಂತ ಉದ್ದಕ್ಕೆ ಬರೆದೇ ತೋರಿಸುತ್ತೆ. ರೇಲ್ಸ್‌ನಲ್ಲಿ ನಂಬರ್ ಬೇರೆ, 'ನೋ ರೂಟ್ ಮ್ಯಾಚಸ್ ಗೆಟ್' ಅಂತ ಬರುತ್ತೆ: ಮೊದಲು ರೇಲ್ಸ್ ಯುಜೆಎಸ್ ಅನ್ನೋ ಸ್ಕ್ರಿಪ್ಟು ಲಿಂಕನ್ನ ಹಿಡಿದು ಡಿಲೀಟ್ ರಿಕ್ವೆಸ್ಟ್ ಮಾಡ್ತಿತ್ತು, 2021ರ ಡಿಸೆಂಬರಲ್ಲಿ ಬಂದ ರೇಲ್ಸ್ 7ರಲ್ಲಿ ಆ ಜಾಗಕ್ಕೆ ಟರ್ಬೋ ಬಂತು, ಹಳೇ ಗುರುತು ಅದಕ್ಕೆ ಅರ್ಥ ಆಗಲ್ಲ, ಲಿಂಕು ಬರೀ ಲಿಂಕಾಗೇ ಹೋಗಿ ಗೆಟ್ ಆಗುತ್ತೆ. ಟರ್ಬೋ ಮೆಥಡ್ ಗುರುತು ಹಾಕಿದ್ರೆ ನಡೆಯುತ್ತೆ, ಆದ್ರೆ ನನ್ನ ಕೇಳಿದ್ರೆ 'ಬಟನ್ ಟು' ಬಳಸಿ, ಅದು ನಿಜವಾದ ಫಾರ್ಮ್ ಮಾಡಿ ಕೊಡುತ್ತೆ, ಸ್ಕ್ರಿಪ್ಟ್ ಇಲ್ದಿದ್ರೂ ನಡೆಯುತ್ತೆ.

ಇಲ್ಲಿ ಎಲ್ಲರಿಗೂ ಒಂದು ಅಡ್ಡದಾರಿ ಕಣ್ಣಿಗೆ ಬೀಳುತ್ತೆ: ಸರ್ವರ್‌ನಲ್ಲಿ ಗೆಟ್ಟನ್ನೂ ಒಪ್ಕ ಅಂತ ಒಂದು ಪದ ಸೇರ್ಸಿದ್ರೆ 405 ಮಾಯ. ದಯವಿಟ್ಟು ಹಂಗೆ ಮಾಡ್ಬೇಡಿ. ಹಂಗೆ ಮಾಡಿದ ದಿನದಿಂದ, ಬೇರೆ ಯಾವುದೋ ಸೈಟಲ್ಲಿ ನಿಮ್ಮ ಡಿಲೀಟ್ ವಿಳಾಸದ ಲಿಂಕ್ ಇಟ್ರೂ ಸಾಕು, ಲಾಗಿನ್ ಆಗಿರೋ ನಿಮ್ಮ ಬಳಕೆದಾರ ಅದನ್ನ ಒತ್ತಿದ್ರೆ ಕೆಲಸ ಆಗಿ ಹೋಗುತ್ತೆ. "2020ರಿಂದ ಕ್ರೋಮ್ ಕುಕೀಗಳನ್ನ ಸೇಮ್‌ಸೈಟ್ ಲ್ಯಾಕ್ಸ್ ಮಾಡಿದೆಯಲ್ಲ" ಅಂತ ಕೇಳ್ತಾರೆ. ಲ್ಯಾಕ್ಸ್ ಅಂದ್ರೆ ಹೊರಗಿನ ಸೈಟಿಂದ ಬರೋ ಪೋಸ್ಟಿಗೆ ಕುಕೀ, ಅಂದ್ರೆ ಲಾಗಿನ್ ಗುರುತು, ಕೊಡಲ್ಲ. ಲಿಂಕ್ ಒತ್ತಿ ಬರೋ ಗೆಟ್‌ಗೆ ಕುಕೀ ಕೊಟ್ಟೇ ಕಳಿಸುತ್ತೆ. ಅಂದ್ರೆ ಬ್ರೌಸರ್ ಕೊಡೋ ರಕ್ಷಣೆ ಸಿಗ್ಬೇಕು ಅಂದ್ರೂ ನಿಮ್ಮ ಕೆಲಸ ಪೋಸ್ಟಲ್ಲಿ ಇರ್ಬೇಕು.

419 ಲಾರವೆಲ್‌ದು, ಜಾಂಗೋದಲ್ಲಿ ಇದೇ ಕಾರಣಕ್ಕೆ 403 ಬರುತ್ತೆ. ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮ ಸೈಟಿಂದಲೇ ಬಂತು ಅಂತ ತೋರಿಸೋ ಗುಟ್ಟಿನ ಗುರುತು) ಇಲ್ಲ ಅಥವಾ ಹಳೇದಾಗಿದೆ ಅಂತ ಅರ್ಥ. ಯಾವಾಗ್ಲೂ ಬರುತ್ತೆ ಅಂದ್ರೆ ಫಾರ್ಮಲ್ಲಿ ಟೋಕನ್ ಹಾಕಿಲ್ಲ. ಊಟಕ್ಕೆ ಹೋಗಿ ಬಂದ್ಮೇಲೆ ಮಾತ್ರ ಬರುತ್ತೆ ಅಂದ್ರೆ ಸೆಷನ್ ಮುಗಿದಿದೆ: ಲಾರವೆಲ್ ತಾನಾಗೇ ಇಟ್ಟಿರೋದು 120 ನಿಮಿಷ, ಎಎಸ್‌ಪಿ ಡಾಟ್ ನೆಟ್‌ನಲ್ಲಿ 20 ನಿಮಿಷ. ಬೆಳಿಗ್ಗೆ ತೆಗೆದ ಪೇಜನ್ನ ಸಂಜೆ ತನಕ ಮುಚ್ಚದೇ ಇರೋ ಕೌಂಟರಿಗೆ 20 ನಿಮಿಷ ಎಲ್ಲಿ ಸಾಲುತ್ತೆ. ಟೋಕನ್ ಚೆಕ್ ತೆಗೀಬೇಡಿ, ಸಮಯ ಹೆಚ್ಚಿಸಿ, ಮತ್ತೆ "ಸೆಷನ್ ಮುಗಿದಿದೆ, ಪೇಜ್ ಮತ್ತೆ ತೆಗೀರಿ" ಅಂತ ಕನ್ನಡದಲ್ಲಿ ಹೇಳಿ.

"ಒಂದೇ ಬಿಲ್ ಎರಡು ಸಲ ಆಗಿದೆ"

ಆಗುಂಬೆ, ಹೊಸನಗರ, ಬಿದನೂರು ನಗರದ ಕಡೆ ಮಳೆ ಹಿಡೀತು ಅಂದ್ರೆ ಕರೆಂಟ್ ಹೋಗುತ್ತೆ, ಟವರ್ ಬ್ಯಾಟರಿ ಇಳಿಯುತ್ತೆ, ನೆಟ್ ಇದ್ದೂ ಇಲ್ಲದ ಹಂಗೆ ಆಗುತ್ತೆ. ಒತ್ತಿದ್ರೆ ಪೇಜು ಅಲುಗಾಡಲ್ಲ, ಮತ್ತೊಂದ್ಸಲ ಒತ್ತುತಾರೆ, ಯಾರಾದ್ರೂ ಹಂಗೇ ಮಾಡೋದು. ಲಾಗ್ ತೆಗೆದು ನೋಡಿ, ಎರಡು ಪೋಸ್ಟ್‌ಗಳ ನಡುವೆ ಒಂದೆರಡು ಸೆಕೆಂಡ್ ಇದ್ರೆ ಎರಡು ಸಲ ಒತ್ತಿದಾರೆ. ನಡುವೆ ನಿಮಿಷಗಳೇ ಇದ್ರೆ ಪೇಜ್ ರೀಫ್ರೆಶ್ ಮಾಡಿ, ಬ್ರೌಸರ್ "ಫಾರ್ಮ್ ಮತ್ತೆ ಕಳಿಸ್ಲಾ" ಅಂದಾಗ ಹೂಂ ಅಂದಿದಾರೆ.

ರೀಫ್ರೆಶ್‌ದಕ್ಕೆ ಮದ್ದು ಸುಲಭ, ಪೋಸ್ಟ್ ಮುಗಿದ ಕೂಡ್ಲೇ ಅದೇ ಜಾಗದಲ್ಲಿ ಪೇಜ್ ತೋರಿಸದೆ 303 ಕೊಟ್ಟು ಬೇರೆ ವಿಳಾಸಕ್ಕೆ ಕಳಿಸಿ. ಎರಡು ಸಲ ಒತ್ತೋದಕ್ಕೆ ಲಿಂಕಲ್ಲಿ ಕಷ್ಟ ಇದೆ, ಯಾಕಂದ್ರೆ ಆಂಕರ್ ಟ್ಯಾಗಿಗೆ ಡಿಸೇಬಲ್ ಅನ್ನೋದೇ ಇಲ್ಲ, ಬಟನ್‌ಗೆ ಮಾತ್ರ ಇದೆ. ಸಿಎಸ್‌ಎಸ್‌ನಲ್ಲಿ ಪಾಯಿಂಟರ್ ಈವೆಂಟ್ಸ್ ತೆಗೆದ್ರೆ ಮೌಸ್ ನಿಲ್ಲುತ್ತೆ, ಎಂಟರ್ ಕೀ ನಿಲ್ಲಲ್ಲ. ಬಟನ್ ಮಾಡ್ಕಂಡ್ರೂ ಡಿಸೇಬಲ್ ಮಾಡೋದನ್ನ ಫಾರ್ಮಿನ ಸಬ್ಮಿಟ್ ಆದಾಗ ಮಾಡಿ, ಕ್ಲಿಕ್ ಆದ ಕ್ಷಣಕ್ಕೇ ಮಾಡಿದ್ರೆ ಕೆಲವು ಸಲ ಫಾರ್ಮೇ ಹೋಗಲ್ಲ. ಇಷ್ಟೆಲ್ಲ ಮಾಡಿದ್ರೂ ಇದು ಬರೀ ಮುಂಬಾಗಿಲ ಚಿಲಕ. ನಿಜವಾದ ತಡೆ ಡೇಟಾಬೇಸಲ್ಲಿ ಬೇಕು: ಫಾರ್ಮ್ ತೋರಿಸುವಾಗಲೇ ಬೇರೆಲ್ಲೂ ಬಾರದ ಒಂದು ನಂಬರ್ ಹುಟ್ಟಿಸಿ ಅಡಗಿಸಿಡಿ, ಅದೇ ನಂಬರ್ ಎರಡು ಸಲ ಬರದ ಹಂಗೆ ಬಿಲ್ ಟೇಬಲಲ್ಲಿ ಆ ಕಾಲಂಗೆ ಯುನೀಕ್ ಹಾಕಿ, ಎರಡನೇದು ಬಂದ್ರೆ ಮೊದಲನೇ ಬಿಲ್ಲನ್ನೇ ತೋರಿಸಿ. ಹಣದ ವಿಷಯದಲ್ಲಿ ಇದಿಲ್ಲದೆ ಬಿಡ್ಬೇಡಿ.

"ಯಾರೂ ಒತ್ತಿಲ್ಲ, ಆದ್ರೂ ಆಗಿದೆ"

ಆ ಬೆಳೆಗಾರರ ಫೋನಿಗೆ ಈಗ ಬಂದೆ. ಮಂಡಿಯಲ್ಲಿ ರೇಟು ಬಂದ್ಮೇಲೆ ಗುಮಾಸ್ತರು ರೈತರಿಗೆ ವಾಟ್ಸಾಪಲ್ಲಿ ಒಂದು ಲಿಂಕ್ ಕಳಿಸ್ತಿದ್ರು, ಒತ್ತಿದ್ರೆ "ಈ ರೇಟಿಗೆ ಒಪ್ಪಿದೆ" ಅಂತ ದಾಖಲೆ ಆಗೋದು. ವಯಸ್ಸಾದವ್ರಿಗೆ ಲಾಗಿನ್ ಕಷ್ಟ ಅಂತ ಲಿಂಕಲ್ಲೇ ಗುಟ್ಟಿನ ನಂಬರ್ ಇಟ್ಟಿದ್ದೆ. ಒಂದೇ ಒತ್ತು, ಕೆಲಸ ಮುಗೀತು. ಎರಡು ತಿಂಗಳು ಯಾರೂ ತಕರಾರು ತೆಗೀಲಿಲ್ಲ, ರೇಟಿಗೆ ಹೆಂಗೂ ಒಪ್ಪೋರೇ ಇದ್ರು.

ಆವತ್ತು ರಾತ್ರಿ ಸರ್ವರಿನ ಆಕ್ಸೆಸ್ ಲಾಗ್ ತೆಗೆದೆ. ಅವರ ಲಾಟಿನ ಒಪ್ಪಿಗೆ ಬಂದ ಹೊತ್ತು, ಗುಮಾಸ್ತರು ಲಿಂಕ್ ಹುಟ್ಟಿಸಿದ ಹೊತ್ತು, ಎರಡರ ನಡುವೆ ನಾಲ್ಕೇ ಸೆಕೆಂಡ್. ಸಾಲಿನ ಕೊನೇಲಿ ಬ್ರೌಸರ್ ಹೆಸರು ಇರೋ ಜಾಗದಲ್ಲಿ ಕ್ರೋಮ್ ಇಲ್ಲ, ಮೊಜಿಲ್ಲಾ ಇಲ್ಲ, 'ವಾಟ್ಸಾಪ್' ಅಂತ ಇತ್ತು. ಲಿಂಕನ್ನ ಮೆಸೇಜ್ ಡಬ್ಬಿಗೆ ಅಂಟಿಸಿದ ಕೂಡ್ಲೇ ಪುಟ್ಟ ಪ್ರಿವ್ಯೂ ತೋರಿಸೋಕೆ ಅಂತ ವಾಟ್ಸಾಪ್ ಆ ವಿಳಾಸವನ್ನ ತೆಗೆದು ನೋಡುತ್ತೆ. ನೋಡಿದ್ದೇ ಒಪ್ಪಿಗೆ ಆಯ್ತು. ರೈತರ ಫೋನ್ ಜೇಬಲ್ಲೇ ಇತ್ತು. ಹಿಂದಿನ ಒಪ್ಪಿಗೆಗಳನ್ನೂ ತೆಗೆದು ನೋಡಿದೆ, ಒಂದಾದ ಮೇಲೊಂದು ಅದೇ ಹೆಸರು. ಬೆಳಿಗ್ಗೆ ಮಂಡಿಗೆ ಹೋಗಿ ಎಲ್ಲ ಹೇಳಿದೆ, ಆ ಬೆಳೆಗಾರರ ಮನೆಗೂ ಹೋಗಿ ಹೇಳಿ ಬಂದೆ.

ಯಾರೂ ಒತ್ತದೆ ಕೆಲಸ ಆಯ್ತು ಅನ್ನೋ ಕಂಪ್ಲೇಂಟ್ ಬಂದ್ರೆ ನೀವೂ ಲಾಗಿಂದಲೇ ಶುರು ಮಾಡಿ, ಬಳಕೆದಾರ ಮರೆತಿದಾನೆ ಅಂತ ಶುರು ಮಾಡ್ಬೇಡಿ. ಆ ವಿಳಾಸಕ್ಕೆ ಗೆಟ್ ಬಂದಿದ್ಯಾ, ಯಾವ ಹೆಸರಲ್ಲಿ ಬಂದಿದೆ ನೋಡಿ. ಗೂಗಲ್‌ಬಾಟ್ ಅಂತ ಇದ್ರೆ ಲಾಗಿನ್ ಇಲ್ದೇನೇ ಆ ವಿಳಾಸ ತೆರೆಯುತ್ತೆ ಅಂತಾಯ್ತು, ಅದು ಇನ್ನೊಂದು ದೊಡ್ಡ ರಂಧ್ರ. ಮೇಲ್‌ನಲ್ಲಿ ಕಳಿಸಿದ ಲಿಂಕಾಗಿದ್ರೆ ಕಂಪನಿಗಳ ಮೇಲ್ ಸ್ಕ್ಯಾನರ್ ವೈರಸ್ ಇದ್ಯಾ ಅಂತ ನೋಡೋಕೆ ತೆಗೆದಿರುತ್ತೆ. ಈ ಸ್ಕ್ಯಾನರ್‌ಗಳು ಅನ್‌ಸಬ್‌ಸ್ಕ್ರೈಬ್ ಲಿಂಕ್ ಒತ್ತಿ ಜನರನ್ನ ಪಟ್ಟಿಯಿಂದ ತೆಗೆದು ಹಾಕೋ ಕಾಟಕ್ಕೇ, ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬ್ ಪೋಸ್ಟಲ್ಲೇ ಆಗ್ಬೇಕು ಅಂತ 2017ರಲ್ಲಿ ಆರ್‌ಎಫ್‌ಸಿ 8058 ಬಂತು.

ಲಾಗಿನ್ ಹಿಂದೆ ಇದ್ರೆ ಸೇಫ್ ಅಂತಲೂ ಅಂದ್ಕಬೇಡಿ. 2005ರ ಮೇ ತಿಂಗಳಲ್ಲಿ ಗೂಗಲ್ ವೆಬ್ ಆಕ್ಸಲರೇಟರ್ ಅಂತ ಒಂದು ಬಂತು, ಪೇಜಲ್ಲಿರೋ ಲಿಂಕುಗಳನ್ನ ಬಳಕೆದಾರ ಒತ್ತೋಕೆ ಮುಂಚೆನೇ ತರಿಸಿ ಇಡೋದು ಅದರ ಕೆಲಸ. ಬಳಕೆದಾರನ ಕಂಪ್ಯೂಟರಲ್ಲೇ ಇದ್ದಿದ್ರಿಂದ ಲಾಗಿನ್ ಕುಕೀ ಅದ್ರ ಕೈಯಲ್ಲೇ ಇತ್ತು, ಬೇಸ್‌ಕ್ಯಾಂಪ್ ಥರದ ಆಪ್‌ಗಳಲ್ಲಿ ಡಿಲೀಟ್ ಲಿಂಕುಗಳನ್ನೂ ತರಿಸ್ತು, ಜನರ ಡೇಟಾ ಹೋಯ್ತು. "ಖಾತ್ರಿನಾ" ಅಂತ ಕೇಳೋ ಜಾವಾಸ್ಕ್ರಿಪ್ಟ್ ಡಬ್ಬಿ ಕೂಡ ಉಳಿಸ್ಲಿಲ್ಲ, ಅದು ಒತ್ತಿದ್ರೆ ತಾನೇ ಬರೋದು. ಈಗಲೂ ನೆಕ್ಸ್ಟ್ ಜೆಎಸ್ ಅನ್ನೋ ಚೌಕಟ್ಟಲ್ಲಿ ಲಾಗೌಟ್ ವಿಳಾಸಕ್ಕೆ ಅದರ ಲಿಂಕ್ ಕಾಂಪೊನೆಂಟ್ ಹಾಕಿದ್ರೆ, ಲಿಂಕು ಕಣ್ಣಿಗೆ ಬೀಳೋ ಹೊತ್ತಿಗೇ ಅದನ್ನ ಮುಂಚಿತವಾಗಿ ತರಿಸೋಕೆ ಹೋಗಿ ಲಾಗಿನ್ ಆದೋರು ಹೊರಗೆ ಬೀಳ್ತಾರೆ. ಡೆವಲಪ್‌ಮೆಂಟ್ ಮೋಡಲ್ಲಿ ಆ ತರಿಸೋದು ಇಲ್ಲ, ಹಂಗಾಗಿ "ನನ್ನ ಮಷೀನಲ್ಲಿ ಸರಿ ಇದೆ" ಅನ್ನೋ ವಾದ ದಿನಗಟ್ಟಲೆ ನಡೆಯುತ್ತೆ.

ಮದ್ದು ಒಂದೇ. ಲಿಂಕ್ ಒತ್ತಿದ್ರೆ ಒಂದು ಪೇಜ್ ತೆರೀಲಿ, ಅಷ್ಟೇ. ಆ ಪೇಜಲ್ಲಿ ಪೋಸ್ಟ್ ಫಾರ್ಮ್, ಅದ್ರಲ್ಲೊಂದು ಬಟನ್. ಈಗ ಆ ಮಂಡಿಯ ಲಿಂಕ್ ಒತ್ತಿದ್ರೆ ಲಾಟ್ ನಂಬರು, ತೂಕ, ರೇಟು, ಕೈಗೆ ಬರೋ ಹಣ ದೊಡ್ಡ ಅಕ್ಷರದಲ್ಲಿ ಬರುತ್ತೆ, ಕೆಳಗೆ 'ಒಪ್ಪಿದೆ', 'ಒಪ್ಪಲ್ಲ' ಅಂತ ಎರಡು ಬಟನ್. ಒಂದು ಒತ್ತು ಜಾಸ್ತಿ ಆಯ್ತು, ಆದ್ರೆ ಓದಿ ಒತ್ತೋ ಹಂಗಾಯ್ತು. ನೋಡೋಕೆ ಲಿಂಕ್ ಥರಾನೇ ಇರ್ಲಿ ಅಂತ ಡಿಸೈನರ್ ಹಟ ಹಿಡಿದ್ರೆ ಬಟನ್‌ಗೇ ಸಿಎಸ್‌ಎಸ್‌ನಲ್ಲಿ ಬಾರ್ಡರ್, ಹಿನ್ನೆಲೆ ತೆಗೆದು ಗೆರೆ ಎಳೀರಿ, ಒಳಗಿರೋದು ಬಟನ್ನೇ ಇರ್ಲಿ.

ಹೊಸ ಟ್ಯಾಬಲ್ಲಿ ತೆಗೆದ್ರೆ ಖಾಲಿ, ಸ್ಪೇಸ್ ಕೀಗೆ ಉತ್ತರ ಇಲ್ಲ

ಇದು ಕೆಟ್ಟಿರೋದಲ್ಲ, ಹುಟ್ಟುಗುಣ. ಜಾವಾಸ್ಕ್ರಿಪ್ಟ್ ವಿಳಾಸದ ಲಿಂಕನ್ನ ಹೊಸ ಟ್ಯಾಬಲ್ಲಿ ತೆಗೆದ್ರೆ ಅಲ್ಲಿ ಫಾರ್ಮೂ ಇಲ್ಲ, ಫಂಕ್ಷನ್ನೂ ಇಲ್ಲ. ಲಿಂಕು ಎಂಟರ್ ಕೀಗೆ ಮಾತ್ರ ಓಗೊಡುತ್ತೆ, ಬಟನ್ ಎಂಟರ್‌ಗೂ ಸ್ಪೇಸ್‌ಗೂ ಓಗೊಡುತ್ತೆ. ಕಣ್ಣು ಕಾಣದವ್ರ ಸ್ಕ್ರೀನ್ ರೀಡರ್ 'ಲಿಂಕ್' ಅಂತ ಹೇಳಿದ್ರೆ ಅವ್ರು ಬೇರೆ ಪೇಜಿಗೆ ಹೋಗುತ್ತೆ ಅಂದ್ಕಂಡು ಒತ್ತುತಾರೆ, ಅಲ್ಲಿ ಬಿಲ್ ರದ್ದಾದ್ರೆ ಅದು ಅವ್ರಿಗೆ ಮಾಡಿದ ಮೋಸ.

ಎಲ್ಲಿ ನಿಲ್ಲಿಸಿ ಬೇರೆಯವ್ರನ್ನ ಕರೀಬೇಕು

ಲೈವಲ್ಲಿ ಹಣದ ದಾಖಲೆ ಬದಲಾಗಿದೆ ಅಂತ ಕಂಡ ಕ್ಷಣ ರಿಪೇರಿ ನಿಲ್ಸಿ. ಮೊದಲು ಆ ವಿಳಾಸ ಮುಚ್ಚಿ, ಬರೀ ಲಿಂಕ್ ಬಚ್ಚಿಟ್ರೆ ಸಾಲದು, ವಿಳಾಸ ಗೊತ್ತಿರೋರು ಬಂದೇ ಬರ್ತಾರೆ. ಆಮೇಲೆ ಲಾಗ್ ಫೈಲ್ ಬೇರೆ ಕಡೆ ಕಾಪಿ ಮಾಡಿ, ದಿನ ಕಳೆದ್ರೆ ಹಳೇ ಲಾಗ್ ಅಳಿಸಿ ಹೋಗೋ ಹಂಗೆ ಸೆಟ್ ಆಗಿರುತ್ತೆ. ಹಳೇ ಬ್ಯಾಕಪ್ಪನ್ನ ಲೈವ್ ಮೇಲೆ ಸುರೀಬೇಡಿ, ಇವತ್ತು ಬಂದ ಸರಿಯಾದ ಬಿಲ್ಲುಗಳೂ ಹೋಗ್ತಾವೆ. ಮಾಲೀಕರಿಗೆ, ಲೆಕ್ಕ ನೋಡೋರಿಗೆ ಆವತ್ತೇ ಹೇಳಿ.

ವೆಬ್ ಫಾರ್ಮ್ಸ್‌ನಲ್ಲಿ 'ವ್ಯಾಲಿಡೇಷನ್ ಆಫ್ ವ್ಯೂಸ್ಟೇಟ್ ಮ್ಯಾಕ್ ಫೇಲ್ಡ್' (ಪೇಜಿನ ಅಡಗಿದ ಮಾಹಿತಿಯನ್ನ ಯಾರೂ ತಿದ್ದಿಲ್ಲ ಅನ್ನೋ ಚೆಕ್ ಪಾಸಾಗಿಲ್ಲ) ಅಂತ ಬಂದು, ಸರ್ವರ್ ಒಂದಕ್ಕಿಂತ ಜಾಸ್ತಿ ಇದ್ರೆ ಅದು ಹೋಸ್ಟಿಂಗ್ ನೋಡೋರ ಕೆಲಸ, ಎಲ್ಲ ಸರ್ವರಲ್ಲೂ ಒಂದೇ ಮಷೀನ್ ಕೀ ಇರ್ಬೇಕು. ಚೆಕ್ ಆಫ್ ಮಾಡಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಕೇಳ್ಬೇಡಿ, ಡಾಟ್ ನೆಟ್ 4.5.2ರಿಂದ ಅದನ್ನ ಆಫ್ ಮಾಡೋಕೂ ಬಿಡಲ್ಲ. 'ಇನ್‌ವ್ಯಾಲಿಡ್ ಪೋಸ್ಟ್‌ಬ್ಯಾಕ್' ಅನ್ನೋ ಎರರಿಗೆ ಈವೆಂಟ್ ವ್ಯಾಲಿಡೇಷನ್ ಆಫ್ ಮಾಡೋದೂ ಅದೇ ಥರದ ಸಲಹೆ.

ಸಹಾಯ ಕೇಳುವಾಗ "ಲಿಂಕ್ ವರ್ಕ್ ಆಗ್ತಿಲ್ಲ" ಅಂತ ಒಂದು ಸಾಲು ಕಳಿಸಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಒತ್ತಿದ ಗಂಟೆ ನಿಮಿಷ, ವಿಳಾಸ, ಗೆಟ್ಟೋ ಪೋಸ್ಟೋ, ಬಂದ ನಂಬರ್, ಕನ್ಸೋಲಿನ ಕೆಂಪು ಸಾಲು, ಇಷ್ಟು ಬರೆದು ಕಳಿಸಿ. ನೆಟ್‌ವರ್ಕ್ ಟ್ಯಾಬಿಂದ ಎಚ್‌ಎಆರ್ ಫೈಲ್ (ಆ ಟ್ಯಾಬಿನ ಸಾಲುಗಳೆಲ್ಲದರ ನಕಲು) ಇಳಿಸಿ ಕೊಡಿ ಅಂತ ಕೇಳಿದ್ರೆ ಕೊಡೋಕೆ ಮುಂಚೆ ಒಳಗೆ ಕುಕೀ, ಪಾಸ್‌ವರ್ಡ್ ಉಳಿದಿದ್ಯಾ ನೋಡಿ, ಆ ಕುಕೀ ಸಿಕ್ಕವ್ರು ನಿಮ್ಮ ಹೆಸರಲ್ಲಿ ಒಳಗೆ ಬರಬಹುದು. ಅದನ್ನ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಕೆಲಸ ಮಾಡೋ ಒಬ್ಬರಿಗೆ ಕೊಡಿ, ಕೊಟ್ಟ ಮೇಲೆ ಒಂದ್ಸಲ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ.